ಲೋಳೆಯೊಳಗಿನ ಪ್ರಯೋಗಾಲಯ

ಹೈಡ್ರೋಜೆಲ್ ಎಂದರೆ ನೀರನ್ನು ಹಿಡಿದು ನಿಲ್ಲಿಸುವ ಬಲೆ. ಉದ್ದನೆಯ ಎಳೆಗಳಂತಿರುವ ಪಾಲಿಮರ್ ಅಣುಗಳು ಅಲ್ಲಲ್ಲಿ ಒಂದಕ್ಕೊಂದು ಗಂಟು ಬಿದ್ದು ಜಾಲವಾಗುತ್ತವೆ. ಆ ಜಾಲ ನೀರು ಕುಡಿದು ಉಬ್ಬುತ್ತದೆ, ಆದರೆ ಕರಗಿಹೋಗುವುದಿಲ್ಲ. ಕಾಮಕಸ್ತೂರಿ ಬೀಜವನ್ನು ನೀರಿಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಪ್ರತಿ ಕಾಳಿನ ಸುತ್ತ ಮೂಡುವ ತಿಳಿ ಲೋಳೆ ಈ ಜಾತಿಯದೇ. ಲೋಳೆಸರದ ತಿರುಳು, ಚೈನಾ ಗ್ರಾಸ್ ಹಾಕಿ ಮಾಡಿದ ಸಿಹಿ, ಮಕ್ಕಳ ಡೈಪರಿನೊಳಗಿನ ಪುಡಿ, ಕಣ್ಣಿಗಿಡುವ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಎಲ್ಲವೂ ಒಂದೇ ಮನೆತನ. ಹಲವು ಜೆಲ್‌ಗಳ ತೂಕದಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ ಇರುತ್ತದೆ. ಆದರೂ ತಟ್ಟೆಯಲ್ಲಿಟ್ಟರೆ ಹರಿಯದೆ ನಿಲ್ಲುತ್ತದೆ, ಚಾಕು ಹಾಕಿದರೆ ತುಂಡಾಗುತ್ತದೆ. ಒಳಗೆ ನೀರಿನ ನಡತೆ, ಹೊರಗೆ ಗಟ್ಟಿ ವಸ್ತುವಿನ ನಡತೆ: ಡಿಎನ್‌ಎ ಪರೀಕ್ಷೆಯನ್ನು ಪ್ರಯೋಗಾಲಯದಿಂದ ಹೊರಗೆ, ಹೊಲದ ಬದುವಿಗೋ ಹಳ್ಳಿಯ ಆರೋಗ್ಯ ಕೇಂದ್ರಕ್ಕೋ ಒಯ್ಯಬೇಕೆಂದಿರುವ ವಿಜ್ಞಾನಿಗಳು ಈ ವಸ್ತುವಿನ ಮೇಲೆ ಕಣ್ಣಿಟ್ಟಿರುವುದು ಈ ಇಬ್ಬಗೆಯ ಗುಣಕ್ಕಾಗಿ.

ಜೆಲ್‌ಗೂ ಡಿಎನ್‌ಎಗೂ ಇರುವ ನಂಟು ಹೊಸದಲ್ಲ. ಸೂಕ್ಷ್ಮಜೀವಿಗಳನ್ನು ಬೆಳೆಸಲು ಅಗರ್ (ಅದೇ ಚೈನಾ ಗ್ರಾಸ್) ಬಳಸುವ ಉಪಾಯವನ್ನು 1880ರ ದಶಕದ ಆರಂಭದಲ್ಲಿ ರಾಬರ್ಟ್ ಕಾಖ್ ಅವರ ಪ್ರಯೋಗಾಲಯಕ್ಕೆ ತಲುಪಿಸಿದವರು ಫ್ಯಾನಿ ಹೆಸ್ಸೆ. ಅಲ್ಲಿಯ ಸಂಶೋಧಕ ವಾಲ್ಟರ್ ಹೆಸ್ಸೆಯ ಪತ್ನಿಯಾದ ಆಕೆಗೆ ಅಗರ್ ಗೊತ್ತಿದ್ದದ್ದು ಅಡುಗೆಯ ಸಾಮಾನಾಗಿ. ಬೇಸಿಗೆಯ ಬಿಸಿಗೆ ಜೆಲಟಿನ್ ಕರಗಿ ಹರಿದುಹೋಗುತ್ತಿದ್ದಾಗ ಅಗರ್ ಗಟ್ಟಿಯಾಗಿ ನಿಂತಿತು. ಅದೇ ಅಗರ್‌ನಿಂದ ಶುದ್ಧೀಕರಿಸಿ ತೆಗೆದ ಅಗರೋಸ್, 1970ರ ದಶಕದ ಹೊತ್ತಿಗೆ ಡಿಎನ್‌ಎ ತುಣುಕುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜರಡಿಯಾಯಿತು. ಡಿಎನ್‌ಎ ಎಳೆಗೆ ಋಣ ವಿದ್ಯುದಂಶ ಇರುವುದರಿಂದ ಜೆಲ್‌ಗೆ ವಿದ್ಯುತ್ ಹಾಯಿಸಿದರೆ ಅದು ಧನ ತುದಿಯ ಕಡೆಗೆ ಸರಿಯುತ್ತದೆ. ಗಿಡ್ಡ ತುಣುಕುಗಳು ಜಾಲದ ಸಂದಿಯಲ್ಲಿ ಸಲೀಸಾಗಿ ನುಸುಳಿ ಮುಂದೆ ಹೋಗುತ್ತವೆ, ಉದ್ದದವು ತಡವರಿಸಿ ಹಿಂದುಳಿಯುತ್ತವೆ. 1984ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರೀಸ್ ಕಂಡ ಡಿಎನ್‌ಎ ಬೆರಳಚ್ಚಿನ ಪಟ್ಟೆಗಳು ಮೂಡಿದ್ದೂ ಇಂಥ ಜೆಲ್ ದಾಟಿ ಬಂದ ತುಣುಕುಗಳಿಂದಲೇ.

ಅಲ್ಲೆಲ್ಲ ಜೆಲ್‌ನ ಕೆಲಸ ಜರಡಿಯದು. ಸ್ಥಳದಲ್ಲೇ ನಡೆಸುವ ಪರೀಕ್ಷೆಯಲ್ಲಿ ಅದರ ಪಾತ್ರ ಬೇರೆ. ಅಲ್ಲಿ ಜೆಲ್ ಪ್ರಯೋಗಾಲಯದ ಒಳಗಿರುವ ಒಂದು ಸಾಮಾನಲ್ಲ, ಪ್ರಯೋಗಾಲಯದ ಗೋಡೆ, ಕಪಾಟು, ಫ್ರಿಜ್ಜು ಇವುಗಳ ಬದಲಿಗೆ ನಿಲ್ಲುವ ವಸ್ತು. ಇದನ್ನು ತಿಳಿಯಬೇಕಾದರೆ ಪ್ರಯೋಗಾಲಯ ಇಷ್ಟು ದಿನ ಮಾಡುತ್ತ ಬಂದ ಕೆಲಸವೇನು ಎಂದು ಮೊದಲು ನೋಡಬೇಕು.

ಪ್ರಯೋಗಾಲಯದ ಚಾಕರಿ

ರಕ್ತ, ಕಫ, ಎಲೆ, ನೀರು ಯಾವುದೇ ಮಾದರಿಯಲ್ಲಿ ಹುಡುಕಬೇಕಾದ ಡಿಎನ್‌ಎ ಇರುವುದು ಅತಿ ಕಡಿಮೆ ಪ್ರಮಾಣದಲ್ಲಿ. ಮನುಷ್ಯನ ಒಂದು ಜೀವಕೋಶದ ಪೂರ್ತಿ ಡಿಎನ್‌ಎ ತೂಕ ಸುಮಾರು 6.6 ಪಿಕೋಗ್ರಾಂ, ಅಂದರೆ ಗ್ರಾಮಿನ ಲಕ್ಷ ಕೋಟಿಯಲ್ಲಿ ಆರೇಳು ಪಾಲು. ರೋಗಾಣುವಿನದು ಅದಕ್ಕಿಂತಲೂ ಎಷ್ಟೋ ಕಡಿಮೆ. ಹಾಗಾಗಿ ಮೊದಲು ಕೋಶವನ್ನು ಒಡೆದು ಡಿಎನ್‌ಎಯನ್ನು ಹೊರಗೆ ತೆಗೆಯಬೇಕು. ರಕ್ತದ ಹೀಮ್, ಮಣ್ಣಿನ ಹ್ಯೂಮಿಕ್ ಆಮ್ಲ, ಎಲೆಯ ಅಂಟು ಮತ್ತು ಒಗರು ಪದಾರ್ಥಗಳು ಮುಂದಿನ ಕೆಲಸ ಕೆಡಿಸುತ್ತವೆ, ಅವನ್ನು ತೊಳೆದು ಹಾಕಬೇಕು. ಆಮೇಲೆ ಬೇಕಾದ ತುಣುಕನ್ನಷ್ಟೇ ಕೋಟಿಗಟ್ಟಲೆ ನಕಲು ಮಾಡಬೇಕು. ಕೊನೆಗೆ ನಕಲು ಆಯಿತೋ ಇಲ್ಲವೋ ಎಂಬುದನ್ನು ಕಣ್ಣಿಗೆ ಕಾಣಿಸಬೇಕು.

ನಕಲು ಮಾಡುವ ಹೆಸರಾಂತ ವಿಧಾನ ಪಿಸಿಆರ್. 1983ರಲ್ಲಿ ಕ್ಯಾರಿ ಮುಲ್ಲಿಸ್ ರೂಪಿಸಿದ ಇದಕ್ಕೆ 1993ರಲ್ಲಿ ನೊಬೆಲ್ ಬಂತು. ಸುಮಾರು 95 ಡಿಗ್ರಿಗೆ ಕಾಯಿಸಿದರೆ ಜೋಡಿ ಎಳೆ ಬಿಚ್ಚಿಕೊಳ್ಳುತ್ತದೆ. 55ರಿಂದ 60ರ ಆಸುಪಾಸಿಗೆ ಇಳಿಸಿದರೆ ಪ್ರೈಮರ್ ಎಂಬ ಗುರುತಿನ ತುಣುಕುಗಳು ಹೋಗಿ ತಮ್ಮ ಜಾಗದಲ್ಲಿ ಕೂರುತ್ತವೆ. 72ಕ್ಕೆ ಏರಿಸಿದರೆ ಕಿಣ್ವ ಹೊಸ ಎಳೆ ಹೆಣೆಯುತ್ತದೆ. ಒಂದು ಸುತ್ತಿಗೆ ಒಂದು ಎರಡಾಗುತ್ತದೆ. 30 ಸುತ್ತು ಮುಗಿಯುವ ಹೊತ್ತಿಗೆ, ಲೆಕ್ಕದ ಪ್ರಕಾರ, ಒಂದೇ ತುಣುಕು 100 ಕೋಟಿ ದಾಟಿರುತ್ತದೆ. ಈ ಸೊಬಗಿಗೆ ಒಂದು ಶಾಪವೂ ಅಂಟಿದೆ. ಹೋದ ವಾರದ ಪರೀಕ್ಷೆಯ ನಕಲುಗಳಲ್ಲಿ ಒಂದೇ ಒಂದು ಗಾಳಿಯಲ್ಲಿ ತೇಲಿ ಇವತ್ತಿನ ನಳಿಕೆಗೆ ಬಿದ್ದರೂ ರೋಗವಿಲ್ಲದವನಿಗೆ ರೋಗವಿದೆ ಎಂಬ ಉತ್ತರ ಬರುತ್ತದೆ. ಈ ಕಾರಣಕ್ಕೆ ಪಿಸಿಆರ್ ಪ್ರಯೋಗಾಲಯಗಳಲ್ಲಿ ಮಾದರಿ ಬಿಡಿಸುವ ಕೋಣೆ ಬೇರೆ, ರಾಸಾಯನಿಕ ಬೆರೆಸುವ ಕೋಣೆ ಬೇರೆ, ನಕಲು ತೆಗೆಯುವ ಕೋಣೆ ಬೇರೆ. ಮಡಿ ಮೈಲಿಗೆಯ ಲೆಕ್ಕ ಹಳೆಯ ಅಡುಗೆಮನೆಗಿಂತ ಬಿಗಿ.

ಕಿಣ್ವಗಳಿಗೆ ತಂಪು ಬೇಕು, ಅದಕ್ಕೆ ಫ್ರೀಜರ್ ಬೇಕು. ಲೀಟರಿನ ಹತ್ತು ಲಕ್ಷದಲ್ಲೊಂದು ಪಾಲಿನ ಹನಿಗಳನ್ನು ಅಳೆದು ಹಾಕಲು ಪಿಪೆಟ್ ಬೇಕು, ಪಿಪೆಟ್ ಹಿಡಿಯಲು ಪಳಗಿದ ಕೈ ಬೇಕು. ಯಂತ್ರ ಎಷ್ಟೇ ಚಿಕ್ಕದಾದರೂ ಇವೆಲ್ಲ ಅದರ ಬೆನ್ನಿಗೇ ಬರುತ್ತವೆ. ಪರೀಕ್ಷೆಯನ್ನು ಹಳ್ಳಿಗೆ ಒಯ್ಯುವುದು ಕಷ್ಟವಾಗಿರುವುದು ಯಂತ್ರದ ಭಾರದಿಂದಲ್ಲ, ಈ ಪರಿವಾರದ ಭಾರದಿಂದ.

ಒಣಗಿದ ಜೆಲ್, ಹಸಿ ರಕ್ತ

ಈ ಪರಿವಾರವನ್ನು ಜೆಲ್‌ನೊಳಗೆ ಕೂಡಿಹಾಕಬಹುದು ಎಂಬುದನ್ನು ಚೆನ್ನಾಗಿ ತೋರಿಸಿದ ಕೆಲಸಗಳಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ್ದು ಒಂದು. ಎಡ್ಮಂಟನ್‌ನ ಆ ತಂಡ ಪಾಲಿಅಕ್ರಿಲಮೈಡ್ ಜೆಲ್ ಕಟ್ಟುವಾಗಲೇ ಪ್ರೈಮರ್, ಕಿಣ್ವ, ಹೊಳೆಯುವ ಬಣ್ಣ ಮುಂತಾಗಿ ಪಿಸಿಆರ್‌ಗೆ ಬೇಕಾದ ಸಾಮಗ್ರಿಯನ್ನು ಅದರೊಳಗೆ ಸೇರಿಸಿತು. ನಂತರ ಜೆಲ್ ಅನ್ನು ಒಣಗಿಸಿತು. ಒಣಗಿದ ಜೆಲ್ ಇರುವ ಪ್ಲಾಸ್ಟಿಕ್ ಚಿಪ್ಪುಗಳನ್ನು ಕೋಣೆಯ ಉಷ್ಣತೆಯಲ್ಲೇ ಇಟ್ಟುಕೊಳ್ಳಬಹುದು. ಪರೀಕ್ಷೆಯ ಹೊತ್ತಿಗೆ ಅದರ ಮೇಲೆ ಮಾದರಿ ಹಾಕಿದರೆ ಒಣ ಜೆಲ್ ಅದನ್ನೇ ಕುಡಿದು ಉಬ್ಬುತ್ತದೆ. ಎಷ್ಟು ಕುಡಿಯಬೇಕು ಎಂಬುದನ್ನು ಜಾಲದ ಗಾತ್ರವೇ ತೀರ್ಮಾನಿಸುತ್ತದೆ. ಹನಿ ಅಳೆಯುವ ಪಿಪೆಟ್ಟಿನ ಕೆಲಸ ಅಲ್ಲಿಗೆ ಹಗುರ.

2014ರಲ್ಲಿ ‘ಮಲೇರಿಯಾ ಜರ್ನಲ್’ನಲ್ಲಿ ಪ್ರಕಟವಾದ ಅವರ ವರದಿ ಈ ವಿಷಯದಲ್ಲಿ ಓದಲೇಬೇಕಾದದ್ದು. ಶುದ್ಧೀಕರಿಸದ ರಕ್ತವನ್ನೇ ಒಣ ಜೆಲ್‌ಗೆ ಹಾಕಿ, ಸಣ್ಣದೊಂದು ಯಂತ್ರದಲ್ಲಿ ಕಾಯಿಸಿ ತಣಿಸಿ, ಲೇಸರ್ ಮತ್ತು ಕ್ಯಾಮೆರಾದಿಂದ ಉತ್ತರ ಓದಲಾಯಿತು. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಫಾಲ್ಸಿಪಾರಂ ಮಲೇರಿಯಾದ ಎರಡು ಪರಾವಲಂಬಿಗಳಿದ್ದರೂ ಅದು ಗುರುತಿಸಿತು. ಸೂಕ್ಷ್ಮದರ್ಶಕದಲ್ಲಿ ರಕ್ತಲೇಪ ನೋಡುವ ರೂಢಿಯ ವಿಧಾನಕ್ಕಿಂತ ಇದು ಹತ್ತರಿಂದ ಐವತ್ತು ಪಟ್ಟು ಸೂಕ್ಷ್ಮ. ಉಗಾಂಡಾದ 188 ರೋಗಿಗಳ ಮಾದರಿಗಳಲ್ಲಿ ಯಾರದು ಏನೆಂದು ತಿಳಿಯದೆ ನಡೆಸಿದ ಪರೀಕ್ಷೆಯಲ್ಲಿ, ಮಾಮೂಲಿ ಪಿಸಿಆರ್‌ಗೆ ಹೋಲಿಸಿದರೆ, ಸೋಂಕಿದ್ದವರನ್ನು ಶೇ 97.4ರಷ್ಟು, ಸೋಂಕಿಲ್ಲದವರನ್ನು ಶೇ 93.8ರಷ್ಟು ಸರಿಯಾಗಿ ಹೇಳಿತು. ಎರಡನೆಯ ಅಂಕಿಯನ್ನು ಗಮನಿಸಬೇಕು. ಸೋಂಕಿಲ್ಲದ ನೂರು ಮಂದಿಯಲ್ಲಿ ಆರು ಜನರಿಗೆ ಸುಮ್ಮನೆ ಮಾತ್ರೆ ನುಂಗಿಸುವ ಪರೀಕ್ಷೆ ಅದು. ಸಾಧನೆಯ ಜೊತೆಗೆ ಈ ಕೊರತೆಯೂ ಆ ಅಂಕಿಯಲ್ಲೇ ಇದೆ.

ರಕ್ತದ ಹೀಮ್ ಪಿಸಿಆರ್ ಅನ್ನು ಕೆಡಿಸುತ್ತದೆ ಎಂದಮೇಲೆ ಹಸಿ ರಕ್ತದಲ್ಲಿ ಇದು ನಡೆದದ್ದು ಹೇಗೆ? ಜೆಲ್‌ನ ಜಾಲ ಇಲ್ಲಿ ಕಾವಲುಗಾರ. ಅಗರೋಸ್ ಜೆಲ್‌ನ ಸಂದಿಗಳು ನೂರಿನ್ನೂರು ನ್ಯಾನೋಮೀಟರ್ ಅಗಲ ಇದ್ದರೆ ಪಾಲಿಅಕ್ರಿಲಮೈಡ್‌ನವು ಅದಕ್ಕಿಂತ ಬಹಳ ಕಿರಿದು. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ. ರಕ್ತಕಣ ಅದರೊಳಗೆ ನುಗ್ಗಲಾರದು, ದೊಡ್ಡ ಪ್ರೋಟೀನುಗಳು ಮೆಲ್ಲಗೆ ಇಳಿಯುತ್ತವೆ, ಬಿಸಿಗೆ ಹೆಪ್ಪುಗಟ್ಟಿದ ರಕ್ತದ ಕಸ ಜೆಲ್‌ನ ಮೇಲ್ಮೈಯಲ್ಲೇ ಉಳಿಯುತ್ತದೆ. ನೀರು, ಲವಣ, ಚಿಕ್ಕ ಅಣುಗಳಿಗೆ ಮಾತ್ರ ತಡೆಯಿಲ್ಲ. ಕೆಲವು ಅಡ್ಡಿಪದಾರ್ಥಗಳು ಅಣುಗಾತ್ರದಲ್ಲಿ ಚಿಕ್ಕವೇ ಆದ್ದರಿಂದ ಕಾವಲು ಪೂರ್ತಿ ಬಿಗಿಯೆನ್ನುವಂತಿಲ್ಲ. ಎಷ್ಟೋ ಮಾದರಿಗಳಿಗೆ ಅಷ್ಟು ಸಾಕಾಗುತ್ತದೆ ಅಷ್ಟೆ.

ಎಂಥ ಜೆಲ್ ಎಂಬುದು ಮುಖ್ಯ. ಅಗರೋಸಿನ ಎಳೆಗಳು ಒಂದನ್ನೊಂದು ಸುತ್ತಿ ಹಿಡಿದಿರುತ್ತವೆ, ಕಾಯಿಸಿದರೆ ಬಿಟ್ಟುಕೊಳ್ಳುತ್ತವೆ. 95 ಡಿಗ್ರಿಯಲ್ಲಿ ಅದು ಪಾಯಸವಾಗುತ್ತದೆ. ಪಾಲಿಅಕ್ರಿಲಮೈಡ್, ಪಾಲಿಎಥಿಲೀನ್ ಗ್ಲೈಕಾಲ್ ಜೆಲ್‌ಗಳಲ್ಲಿ ಗಂಟುಗಳು ರಾಸಾಯನಿಕ ಬಂಧಗಳೇ ಆಗಿರುವುದರಿಂದ ಕಾಯಿಸಿದರೂ ಜಗ್ಗವು. ಕಂದು ಕಡಲಪಾಚಿಯಿಂದ ಬರುವ ಆಲ್ಜಿನೇಟ್ ಮೂರನೆಯ ಬಗೆ: ಕ್ಯಾಲ್ಸಿಯಂ ಕೊಟ್ಟರೆ ಗಟ್ಟಿ, ಕ್ಯಾಲ್ಸಿಯಂ ಕಸಿದರೆ ನೀರು. ಬೇಕೆಂದಾಗ ಕರಗಿಸಿ ಒಳಗಿದ್ದುದನ್ನು ಹೊರತೆಗೆಯಬೇಕಾದ ಕಡೆ ಅದನ್ನು ಆರಿಸುತ್ತಾರೆ.

ಕಿಣ್ವವನ್ನು ಒಣಗಿಸಿ ಬದುಕಿಸಿಡುವುದಕ್ಕೆ ಜೆಲ್ಲೇ ಬೇಕೆಂದಿಲ್ಲ. ಬಾಯಿಯ ವಾಸನೆ ಹೋಗಲೆಂದು ನಾಲಗೆಯ ಮೇಲಿಡುವ ತೆಳು ಹಾಳೆಗಳಲ್ಲಿರುವ ಪುಲ್ಲುಲಾನ್ ಎಂಬ ಶಿಲೀಂಧ್ರದ ಸಕ್ಕರೆಯಲ್ಲಿ ಕಿಣ್ವಗಳನ್ನು ಕೂಡಿಸಿ ಮಾತ್ರೆ ಕಟ್ಟಬಹುದೆಂದು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2014ರಲ್ಲಿ ತೋರಿಸಿದರು. ಅದು ನೀರಿನಲ್ಲಿ ಕರಗಿಹೋಗುತ್ತದೆ, ಜೆಲ್ ಉಳಿದುಕೊಳ್ಳುತ್ತದೆ. ವ್ಯತ್ಯಾಸ ಇರುವುದು ಅಲ್ಲಿ, ಮುಂದಿನ ಹಂತಕ್ಕೆ ಬೇಕಾದದ್ದೂ ಆ ಉಳಿಯುವ ಗುಣವೇ.

ಚುಕ್ಕೆ ಎಣಿಕೆ

ನೀರಿನಲ್ಲಿ ಒಂದು ಡಿಎನ್‌ಎ ತುಣುಕು ಕೋಟಿ ನಕಲಾದರೆ ಆ ಕೋಟಿಯೂ ನಳಿಕೆಯ ತುಂಬ ಹರಡುತ್ತದೆ. ಜೆಲ್‌ನಲ್ಲಾದರೆ ಉದ್ದನೆಯ ನಕಲುಗಳು ಜಾಲಕ್ಕೆ ಸಿಕ್ಕಿಕೊಂಡು ಹುಟ್ಟಿದ ಜಾಗದ ಸುತ್ತಲೇ ಗುಂಪುಗೂಡುತ್ತವೆ. ಮೂಲದಲ್ಲಿ ಹತ್ತು ತುಣುಕುಗಳಿದ್ದರೆ ಹತ್ತು ಚುಕ್ಕೆ. ಮೊಸರನ್ನು ಅಗರ್ ತಟ್ಟೆಗೆ ಬಳಿದಾಗ ಬ್ಯಾಕ್ಟೀರಿಯಾ ಗುಂಪುಗಳು ಏಳುವ ಹಾಗೆಯೇ, ಜೀವವಿಲ್ಲದ ಅಣುಗಳ ಗುಂಪುಗಳು ಏಳುತ್ತವೆ. ರಷ್ಯಾದ ಪುಶ್ಚಿನೊದಲ್ಲಿ ಚೆತ್ವೆರಿನ್ ದಂಪತಿ 1990ರ ದಶಕದ ಆರಂಭದಲ್ಲಿ ಇದನ್ನು ಆರ್‌ಎನ್‌ಎ ಬಳಸಿ ಮಾಡಿ ತೋರಿಸಿದ್ದರು. ಹಾರ್ವರ್ಡಿನ ರಾಬಿ ಮಿತ್ರ ಮತ್ತು ಜಾರ್ಜ್ ಚರ್ಚ್ 1999ರಲ್ಲಿ ಪಾಲಿಅಕ್ರಿಲಮೈಡ್ ಜೆಲ್‌ನಲ್ಲಿ ಪಿಸಿಆರ್ ನಡೆಸಿ ಪಡೆದ ಗುಂಪುಗಳಿಗೆ ‘ಪೊಲೊನಿ’ ಎಂದು ಹೆಸರಿಟ್ಟರು.

ಇದರ ಬೆಲೆ ತಿಳಿಯುವುದು ಎಣಿಕೆಯಲ್ಲಿ. ಸಾಧಾರಣ ಪಿಸಿಆರ್‌ನಲ್ಲಿ ರೋಗಾಣು ಎಷ್ಟಿದೆ ಎಂದು ಹೇಳಲು ಗೊತ್ತಿರುವ ಪ್ರಮಾಣದ ಮಾದರಿಗಳನ್ನು ಪಕ್ಕದಲ್ಲಿಟ್ಟು ನಡೆಸಿ, ಗೆರೆ ಎಳೆದು, ಹೋಲಿಸಬೇಕು. ಚುಕ್ಕೆಗಳಾದರೆ ಎಣಿಸಿದರೆ ಮುಗಿಯಿತು. ನಕಲಿನ ವೇಗ ಸ್ವಲ್ಪ ತಗ್ಗಿದರೂ ಚುಕ್ಕೆ ಚಿಕ್ಕದಾಗುತ್ತದೆಯೇ ಹೊರತು ಲೆಕ್ಕ ಕೆಡುವುದು ಅಪರೂಪ. ಕೊಳಕು ನೀರಿನ ಪರೀಕ್ಷೆಗೆ ಇದು ಹೇಳಿ ಮಾಡಿಸಿದ ಗುಣ.

ಕೊಳಕು ನೀರಿನ ಮೇಲೆ ಇದನ್ನು ಪ್ರಯೋಗಿಸಿದವರು ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಮೈಕೇಲ್ ಹಾಫ್‌ಮನ್ ಅವರ ತಂಡ. 2018ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಪಾಲಿಎಥಿಲೀನ್ ಗ್ಲೈಕಾಲ್ ಜೆಲ್‌ನೊಳಗೆ ಎಂಎಸ್2 ಎಂಬ ವೈರಾಣುವನ್ನು ಎಣಿಸಲಾಯಿತು. ಅದು ಮನುಷ್ಯರಿಗೆ ರೋಗ ತರುವುದಿಲ್ಲ, ಕರುಳಿನ ಬ್ಯಾಕ್ಟೀರಿಯಾವನ್ನು ಹಿಡಿಯುತ್ತದೆ. ನೀರಿಗೆ ಮಲ ಬೆರೆತಿದೆಯೇ ಎಂಬುದಕ್ಕೆ ಅದರ ಗುಂಪಿನ ವೈರಾಣುಗಳನ್ನು ಸೂಚಕವಾಗಿ ಬಳಸುವುದು ರೂಢಿ. ಬ್ಯಾಕ್ಟೀರಿಯಾ ತಟ್ಟೆಯಲ್ಲಿ ಬೆಳೆಸಿ ಎಣಿಸಲು ಹೆಚ್ಚುಕಡಿಮೆ ಒಂದು ದಿನ ಬೇಕಾದರೆ ಜೆಲ್‌ನಲ್ಲಿ ಅರ್ಧ ಗಂಟೆಗೆ ಚುಕ್ಕೆಗಳು ಹೊಳೆದವು. ಎಣಿಸಿದ್ದು ಸ್ಮಾರ್ಟ್‌ಫೋನ್.

ಅಲ್ಲಿ ನಕಲು ಮಾಡಿದ್ದು ಪಿಸಿಆರ್ ಅಲ್ಲ, ಲ್ಯಾಂಪ್. ಜಪಾನಿನ ನೊತೊಮಿ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಈ ವಿಧಾನಕ್ಕೆ ಬಿಸಿ ತಂಪುಗಳ ಸುತ್ತು ಬೇಡ, 60ರಿಂದ 65 ಡಿಗ್ರಿಯ ಒಂದೇ ಉಷ್ಣತೆ ಸಾಕು. ಎಳೆ ಬಿಚ್ಚುವ ಕೆಲಸವನ್ನು ಶಾಖದ ಬದಲು ಕಿಣ್ವವೇ ಮಾಡುತ್ತದೆ. ಆ ಕಿಣ್ವ ಬಿಸಿ ಇಷ್ಟಪಡುವ ಬ್ಯಾಕ್ಟೀರಿಯಾದಿಂದ ಬಂದದ್ದು. ಒಂದು ಗಂಟೆಯೊಳಗೆ ನೂರು ಕೋಟಿ ನಕಲು. ಸ್ಥಳದಲ್ಲೇ ಪರೀಕ್ಷೆ ಎಂಬ ಮಾತಿಗೆ ನಿಜವಾದ ಬಲ ಬಂದದ್ದು ಇಂಥ ಒಂದೇ ಉಷ್ಣತೆಯ ವಿಧಾನಗಳಿಂದ. ಪೀಪನ್‌ಬರ್ಗ್, ಆರ್ಮ್ಸ್ ಮುಂತಾದವರು 2006ರಲ್ಲಿ ವಿವರಿಸಿದ ಆರ್‌ಪಿಎ ವಿಧಾನಕ್ಕಂತೂ 37ರಿಂದ 42 ಡಿಗ್ರಿ ಸಾಕು, ಅಂದರೆ ಜ್ವರ ಬಂದ ಮೈಯ ಬಿಸಿ. ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು ನಳಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಅದನ್ನು ನಡೆಸಬಹುದೆಂದು 2014ರಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಉಷ್ಣತೆ ಇಷ್ಟು ಇಳಿದಾಗ ಜೆಲ್‌ನ ಆಯ್ಕೆಯೂ ಅಗಲವಾಗುತ್ತದೆ, ನೀರು ಆವಿಯಾಗುವ ಕಾಟವೂ ಕಡಿಮೆಯಾಗುತ್ತದೆ.

ಲ್ಯಾಂಪ್‌ಗೆ ತನ್ನದೇ ಚಾಳಿಯೊಂದಿದೆ. ಅದಕ್ಕೆ ನಾಲ್ಕರಿಂದ ಆರು ಪ್ರೈಮರ್ ಬೇಕು. ಅಷ್ಟು ಜನ ಒಂದೆಡೆ ಸೇರಿದರೆ ತಮ್ಮತಮ್ಮಲ್ಲೇ ಕೈಹಿಡಿದು, ಇಲ್ಲದ ರೋಗಾಣುವಿನ ಹೆಸರಿನಲ್ಲಿ ನಕಲು ಹುಟ್ಟಿಸುವುದುಂಟು. ಜೆಲ್‌ನಲ್ಲಿ ಇಂಥ ಸುಳ್ಳು ನಕಲೂ ಹುಟ್ಟಿದ ಜಾಗ ಬಿಟ್ಟು ಹೋಗಲಾರದು, ಇಡೀ ನಳಿಕೆಯ ಉತ್ತರವನ್ನು ಕೆಡಿಸಲಾರದು. ನಕಲುಗಳೆಲ್ಲ ಜಾಲದಲ್ಲಿ ಸೆರೆಯಾಗಿರುವುದರಿಂದ ಮುಂದಿನ ಪರೀಕ್ಷೆಗೆ ಹಾರಿ ಬೀಳುವ ಭಯವೂ ತಗ್ಗುತ್ತದೆ. ಮೂರು ಕೋಣೆಗಳ ಮಡಿಯನ್ನು ಹೀಗೆ ಒಂದು ಚೂರು ಲೋಳೆ ಬಹುಮಟ್ಟಿಗೆ ತಾನೇ ವಹಿಸಿಕೊಳ್ಳುತ್ತದೆ.

ಉತ್ತರ ಹೇಳಿ ಕರಗುವ ಜೆಲ್

ಇದುವರೆಗೆ ಹೇಳಿದ ಜೆಲ್‌ಗಳು ಪರೀಕ್ಷೆ ನಡೆಯುವ ಜಾಗ. ಇನ್ನೊಂದು ಬಗೆಯಲ್ಲಿ ಜೆಲ್ಲೇ ಉತ್ತರ. ಅದರ ಗಂಟುಗಳನ್ನು ಡಿಎನ್‌ಎಯಿಂದಲೇ ಹಾಕಿರುತ್ತಾರೆ. ಹುಡುಕುತ್ತಿರುವ ವಸ್ತು ಬಂದಾಗ ಆ ಗಂಟು ಬಿಚ್ಚುತ್ತದೆ, ಜೆಲ್ ಕರಗುತ್ತದೆ. ನೋಡುವವರಿಗೆ ಕಾಣುವುದು ಗಟ್ಟಿ ಇದ್ದದ್ದು ನೀರಾದದ್ದು. ಇದಕ್ಕೆ ವಿದ್ಯೆ ಬೇಡ.

ಡಿಎನ್‌ಎ ಗಂಟು ಹಾಕಿದ ಜೆಲ್ ಅನ್ನು ಜಪಾನಿನ ನಾಗಹರ ಮತ್ತು ಮತ್ಸುದ 1996ರಲ್ಲೇ ವರದಿ ಮಾಡಿದ್ದರು. ಅದರ ಮೇಲೆ ಕಟ್ಟಿದ ಒಂದು ಜಾಣತನ 2010ರಲ್ಲಿ ರಸಾಯನಶಾಸ್ತ್ರಜ್ಞ ವೈಹಾಂಗ್ ಟಾನ್ ಅವರ ಬಳಗದಿಂದ ಬಂತು. ಗಂಜಿಗೆ ಅಯೋಡಿನ್ ಹಾಕಿದರೆ ನೀಲಿಯಾಗುವುದು ಶಾಲೆಯ ಪ್ರಯೋಗ. ಗಂಜಿಯನ್ನು ಒಡೆಯುವ ಅಮೈಲೇಸ್ ಕಿಣ್ವವನ್ನು ಅವರು ಜೆಲ್‌ನಲ್ಲಿ ಸೆರೆಹಾಕಿದರು. ಜೆಲ್‌ನ ಗಂಟು ಕೊಕೇನ್ ಅಣುವನ್ನು ಗುರುತಿಸುವ ಡಿಎನ್‌ಎ ತುಣುಕಿನದು. ಕೊಕೇನ್ ಇದ್ದರೆ ಗಂಟು ಬಿಚ್ಚಿ ಕಿಣ್ವ ಹೊರಬರುತ್ತದೆ, ಗಂಜಿ ಒಡೆಯುತ್ತದೆ, ನೀಲಿ ಮಾಯ. ಯಂತ್ರವೇ ಇಲ್ಲ. ಹುಡುಕಿದ್ದು ಡಿಎನ್‌ಎಯನ್ನಲ್ಲ ನಿಜ, ಆದರೆ ಗಂಟಿನ ತತ್ವ ಎರಡಕ್ಕೂ ಒಂದೇ.

ಡಿಎನ್‌ಎಯನ್ನೇ ಹುಡುಕುವಾಗ ಒಂದು ತೊಡಕಿದೆ. ಒಂದು ಗುರಿ ಅಣು ಒಂದು ಗಂಟು ಬಿಚ್ಚಿದರೆ ಜೆಲ್ ಕರಗಲು ಅಸಂಖ್ಯ ಗುರಿ ಅಣುಗಳು ಬೇಕಾಗುತ್ತವೆ. ಮಾದರಿಯಲ್ಲಿ ಅಷ್ಟು ಎಲ್ಲಿರುತ್ತವೆ? ಇದಕ್ಕೆ ದಾರಿ ಕೊಟ್ಟದ್ದು ಡಿಎನ್‌ಎ ಕತ್ತರಿಸುವ ಕ್ರಿಸ್ಪರ್ ಕುಟುಂಬದ ಕ್ಯಾಸ್12ಎ ಕಿಣ್ವ. ತನಗೆ ಕೊಟ್ಟ ಗುರುತಿಗೆ ಹೊಂದುವ ಡಿಎನ್‌ಎ ಸಿಕ್ಕಿದೊಡನೆ ಅದು ಅದನ್ನಷ್ಟೇ ಕತ್ತರಿಸಿ ಸುಮ್ಮನಾಗುವುದಿಲ್ಲ, ಸುತ್ತ ಸಿಕ್ಕಸಿಕ್ಕ ಒಂಟಿ ಎಳೆಯ ಡಿಎನ್‌ಎಗಳನ್ನೆಲ್ಲ ಕತ್ತರಿಸುತ್ತ ಹೋಗುತ್ತದೆ. ಮೈಮೇಲೆ ಬಂದವರ ಹಾಗೆ. 2018ರಲ್ಲಿ ಜೆನಿಫರ್ ಡೌಡ್ನಾ ಅವರ ಪ್ರಯೋಗಾಲಯ ಈ ಗುಣವನ್ನು ರೋಗಪತ್ತೆಗೆ ಬಳಸಿತು. ಮರುವರ್ಷ ಎಂಐಟಿಯ ಜೇಮ್ಸ್ ಕಾಲಿನ್ಸ್ ತಂಡ ಅದನ್ನು ಜೆಲ್‌ಗೆ ತಂದಿತು. ‘ಸೈನ್ಸ್’ ಪತ್ರಿಕೆಯಲ್ಲಿ 2019ರ ಆಗಸ್ಟ್‌ನಲ್ಲಿ ಪ್ರಕಟವಾದ ಆ ಲೇಖನದಲ್ಲಿ ಜೆಲ್‌ನ ಗಂಟುಗಳು ಒಂಟಿ ಎಳೆಯ ಡಿಎನ್‌ಎಗಳು. ಗುರಿ ಸಿಕ್ಕರೆ ಕಿಣ್ವ ಗಂಟುಗಳನ್ನೇ ಕೊಚ್ಚಿ ಹಾಕುತ್ತದೆ.

ಅದನ್ನು ಎಬೋಲಾ ಪತ್ತೆಗೆ ಒಗ್ಗಿಸಿದ ಬಗೆ ಬಲು ಚೆಂದ. ಕಾಗದದ ಪದರಗಳಲ್ಲಿ ದ್ರವ ಹರಿಯಲು ಕಾಲುವೆಯೊಂದಿದೆ. ಎಬೋಲಾ ಇಲ್ಲದಿದ್ದರೆ ಗಂಟುಗಳು ಹಾಗೇ ಉಳಿದು ಕಾಗದದ ರಂಧ್ರಗಳಲ್ಲಿ ಜೆಲ್ ಕಟ್ಟಿಕೊಳ್ಳುತ್ತದೆ, ತೂಬು ಮುಚ್ಚಿದಂತೆ ದ್ರವ ನಿಲ್ಲುತ್ತದೆ. ಎಬೋಲಾ ಇದ್ದರೆ ಜೆಲ್ ಕಟ್ಟುವುದೇ ಇಲ್ಲ, ದ್ರವ ಹರಿದು ಆಚೆ ಬದಿಯ ವಿದ್ಯುತ್ ತುದಿಗಳನ್ನು ಮುಟ್ಟುತ್ತದೆ. ಆ ಸಂಕೇತ ನಿಸ್ತಂತುವಾಗಿ ದೂರದ ಯಂತ್ರಕ್ಕೆ ಹೋಗುವ ಏರ್ಪಾಟನ್ನೂ ಅವರು ಮಾಡಿ ತೋರಿಸಿದರು. ಎಬೋಲಾ ವಾರ್ಡಿಗೆ ಮತ್ತೆ ಮತ್ತೆ ಹೋಗುವ ಜನರ ಸಂಖ್ಯೆ ಕಡಿಮೆಯಾಗಲಿ ಎಂಬುದು ಇದರ ಹಿಂದಿನ ಯೋಚನೆ. ಆದರೆ ಒಂದು ಮಾತನ್ನು ಬಿಡಬಾರದು: ಜೆಲ್‌ಗೆ ಬರುವ ಮೊದಲು ಎಬೋಲಾದ ಆರ್‌ಎನ್‌ಎಯನ್ನು ಡಿಎನ್‌ಎ ಮಾಡಿ ಆರ್‌ಪಿಎಯಿಂದ ನಕಲು ತೆಗೆಯಲೇಬೇಕಿತ್ತು. ಜೆಲ್ ಅಲ್ಲಿ ಉತ್ತರವನ್ನು ಓದಿ ಹೇಳಿತೇ ಹೊರತು ಮೊದಲಿನ ಕೆಲಸ ತಪ್ಪಿಸಲಿಲ್ಲ.

ಗಡಿಬಿಡಿಯಿಲ್ಲದೆ ನಿಜವಾದ ರೋಗಿಗಳವರೆಗೆ ತಲುಪಿದ ಜೆಲ್ ಪರೀಕ್ಷೆಯೊಂದು ಬಹಳ ಹಿಂದೆಯೇ ಮಾಸ್ಕೋದಲ್ಲಿ ಹುಟ್ಟಿತ್ತು. ಎಂಗಲ್‌ಹಾರ್ಟ್ ಸಂಸ್ಥೆಯ ಆಂದ್ರೇ ಮಿರ್ಜಬೇಕೊವ್ ಗಾಜಿನ ಮೇಲೆ ಸಾಲಾಗಿ ಪುಟ್ಟ ಜೆಲ್ ಗುಡ್ಡೆಗಳನ್ನಿಟ್ಟು, ಪ್ರತಿಯೊಂದರಲ್ಲೂ ಬೇರೆ ಬೇರೆ ಡಿಎನ್‌ಎ ತುಣುಕನ್ನು ನೆಟ್ಟ ಚಿಪ್ ರೂಪಿಸಿದರು. ಅದರಿಂದ ಬೆಳೆದ ಟಿಬಿ ಬಯೋಚಿಪ್, ಕ್ಷಯದ ಬ್ಯಾಕ್ಟೀರಿಯಾ ರಿಫಾಂಪಿಸಿನ್ ಔಷಧಿಗೆ ಬಗ್ಗದ ತಳಿಯೇ ಎಂಬುದನ್ನು ಯಾವ ಗುಡ್ಡೆ ಹೊಳೆಯಿತು ಎಂಬುದರಿಂದ ಹೇಳುತ್ತದೆ. ಅದು ಪ್ರಯೋಗಾಲಯದ ಪರೀಕ್ಷೆಯೇ ಆದರೂ ಜೆಲ್ ಮೇಲಿನ ನಂಬಿಕೆ ಬೇರೂರಿದ್ದು ಅಂಥ ಕೆಲಸಗಳಿಂದ.

ಮೊದಲ ಹೆಜ್ಜೆಯ ಕಷ್ಟ

ಮೇಲಿನ ಎಲ್ಲ ಉಪಾಯಗಳೂ ಡಿಎನ್‌ಎ ಕೈಗೆ ಬಂದ ಮೇಲಿನವು. ಬರುವ ದಾರಿಯೇ ದುರ್ಗಮ. ಕಫ ಅಂಟು, ಬ್ಯಾಕ್ಟೀರಿಯಾದ ಗೋಡೆ ಗಟ್ಟಿ, ಎಲೆಯ ಕೋಶದ ಗೋಡೆ ಇನ್ನೂ ಗಟ್ಟಿ. ಇಲ್ಲೂ ಜೆಲ್ ಕೆಲವು ಕಡೆ ನೆರವಾಗಿದೆ. ಸಿಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುವ ಕೈಟೊಸಾನ್ ಹುಳಿ ದ್ರಾವಣದಲ್ಲಿ ಧನ ವಿದ್ಯುದಂಶ ಪಡೆದು ಡಿಎನ್‌ಎಯನ್ನು ಅಪ್ಪಿಕೊಳ್ಳುತ್ತದೆ. ದ್ರಾವಣವನ್ನು ಕ್ಷಾರದ ಕಡೆಗೆ ತಿರುಗಿಸಿದರೆ ಬಿಟ್ಟುಬಿಡುತ್ತದೆ. ಘಾಟಿನ ರಾಸಾಯನಿಕಗಳಿಲ್ಲದೆ ಡಿಎನ್‌ಎ ತೊಳೆಯಲು ಇದೊಂದು ಹದವಾದ ದಾರಿ.

ಎಲೆಗಳಿಗೆ ಬಂದ ಉಪಾಯ ಇನ್ನೂ ಸರಳ. ಅಮೆರಿಕದ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಚಿಂಗ್‌ಶಾನ್ ವೇ ಮತ್ತು ಸಸ್ಯರೋಗ ತಜ್ಞೆ ಜೀನ್ ರಿಸ್ಟೈನೊ ಅವರ ತಂಡಗಳು 2019ರಲ್ಲಿ ಪಾಲಿವಿನೈಲ್ ಆಲ್ಕೊಹಾಲ್‌ನಿಂದ ಸೂಕ್ಷ್ಮ ಮುಳ್ಳುಗಳ ಪಟ್ಟಿ ಮಾಡಿದವು. ನೀರು ಕಂಡರೆ ಉಬ್ಬುವ ಪಾಲಿಮರ್ ಅದು. ಪಟ್ಟಿಯನ್ನು ಎಲೆಗೆ ಒತ್ತಿ ಕಿತ್ತರೆ ಮುಳ್ಳುಗಳಿಗೆ ಕೋಶದ ರಸದ ಜೊತೆಗೆ ಡಿಎನ್‌ಎಯೂ ಅಂಟಿ ಬರುತ್ತದೆ. ಅದನ್ನು ತೊಳೆದ ನೀರೇ ಮಾದರಿ. ಪ್ರಯೋಗಾಲಯದಲ್ಲಿ ಎಲೆ ಅರೆದು, ಸೋಸಿ, ತಿರುಗಿಸಿ ಮೂರು ನಾಲ್ಕು ಗಂಟೆ ಹಿಡಿಯುವ ಕೆಲಸ ಒಂದು ನಿಮಿಷಕ್ಕೆ ಇಳಿಯಿತು. ಸಿಗುವ ಡಿಎನ್‌ಎ ಅಷ್ಟೇನೂ ಶುದ್ಧವಲ್ಲ, ಕೆಲಸಕ್ಕೆ ಸಾಕು. ಅವರು ಹುಡುಕಿದ್ದು ಟೊಮೆಟೊ ಎಲೆಯಲ್ಲಿ ಅಂಗಮಾರಿ ತರುವ ಫೈಟಾಫ್ತೊರಾ ಇನ್‌ಫೆಸ್ಟನ್ಸ್ ಅನ್ನು. 1845ರಿಂದ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ಕೊಳೆಸಿ ಬರಗಾಲ ತಂದದ್ದು ಅದೇ ಜೀವಿ.

ಹಾಸನದ ಆಲೂಗಡ್ಡೆ ಬೆಳೆಗಾರರಿಗೆ ಅಂಗಮಾರಿಯನ್ನು ಪರಿಚಯಿಸಬೇಕಾಗಿಲ್ಲ. ಮಲೆನಾಡಿನವರಿಗೂ ಈ ಜೀವಿಯ ದಾಯಾದಿಗಳು ಗೊತ್ತು: ಅಡಕೆಯ ಕೊಳೆರೋಗ, ಕಾಳುಮೆಣಸಿನ ಸೊರಗು ರೋಗ ಎರಡಕ್ಕೂ ಫೈಟಾಫ್ತೊರಾ ಕುಲದವೇ ಕಾರಣ. ಕೊಳೆರೋಗದ ಬಗ್ಗೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ 1910ರಲ್ಲೇ ವಿವರವಾಗಿ ಬರೆದರು, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಬೆಳೆಗಾರರಿಗೆ ಕಲಿಸಿದರು. ಕಾಯಿ ಉದುರಿದ ಮೇಲೆ ಕೊಳೆ ಬಂದಿದೆ ಎಂದು ಹೇಳಲು ಡಿಎನ್‌ಎ ಪರೀಕ್ಷೆ ಬೇಡ. ಬೇಕಾದದ್ದು ಕಣ್ಣಿಗೆ ಕಾಣುವ ಮೊದಲು ಹೇಳುವ ಪರೀಕ್ಷೆ, ಅದೂ ಜಡಿಮಳೆಯ ನಡುವೆ, ತೋಟದಲ್ಲೇ. ಮುಳ್ಳಿನ ಪಟ್ಟಿಯಂಥದ್ದು ಇಲ್ಲಿಯ ಬೆಳೆಗಳಿಗೆ ಹೊಂದಿದರೆ ಸಿಂಪಡಣೆಯ ಖರ್ಚಿಗೂ ಒಂದು ಲೆಕ್ಕ ಸಿಗುತ್ತದೆ.

ಪ್ರಯೋಗಾಲಯದಲ್ಲಿ ಗೆದ್ದ ಜೆಲ್‌ಗಳು ಅಂಗಡಿಗೆ ಬರುವುದು ತಡವಾಗಿರುವುದಕ್ಕೆ ಕಾರಣಗಳು ಜೆಲ್‌ನ ಗುಣದಲ್ಲೇ ಇವೆ. ಜಾಲದ ಸಂದಿ ಪ್ರತಿ ಬಾರಿಯೂ ಒಂದೇ ಅಳತೆಯಲ್ಲಿ ಬರಬೇಕು. ಜೆಲ್ ಕಟ್ಟುವಾಗ ಗಾಳಿಯ ಆಮ್ಲಜನಕ ಸೋಕಿದರೂ ಪಾಲಿಅಕ್ರಿಲಮೈಡ್ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಜಾಲವಾಗದೆ ಉಳಿದ ಅಕ್ರಿಲಮೈಡ್ ನರಗಳಿಗೆ ವಿಷ, ತಯಾರಿಕೆಯಲ್ಲಿ ಎಚ್ಚರ ಬೇಕು. ಜೆಲ್‌ನೊಳಗೆ ಅಣುಗಳ ಓಡಾಟ ನಿಧಾನ, ಆದ್ದರಿಂದ ಜೆಲ್ ದಪ್ಪವಾದಷ್ಟೂ ಉತ್ತರ ತಡ. ಕಾಯಿಸುವಾಗ ಆವಿ ಹೋಗದಂತೆ ಮುಚ್ಚಬೇಕು, ಒಣಗಿಸಿಟ್ಟದ್ದಕ್ಕೆ ಮಳೆಗಾಲದ ತೇವ ತಾಗದಂತೆ ಕಾಯಬೇಕು. ಬಡ ನಾಡುಗಳಿಗೆ ಎಂಥ ಪರೀಕ್ಷೆ ಬೇಕು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಅಳತೆಗೋಲಿನಲ್ಲಿ ಅಗ್ಗ, ನಿಖರ ಎಂಬುವುಗಳ ಜೊತೆಗೆ ಯಂತ್ರ ಬೇಡದ್ದು ಮತ್ತು ಬೇಕಾದವರ ಕೈಗೆ ತಲುಪುವಂಥದ್ದು ಎಂಬ ಮಾತೂ ಇದೆ. ಜೆಲ್ ಪರೀಕ್ಷೆಗಳು ಎಡವುತ್ತಿರುವುದು ಈ ಕೊನೆಯದರಲ್ಲಿ.

ಜೆಲ್‌ನ ಹಾದಿ ಬಿಟ್ಟು ಊರೂರಿಗೆ ಈಗಾಗಲೇ ಹೋಗಿರುವ ಪರೀಕ್ಷೆಯೊಂದನ್ನು ಪಕ್ಕದಲ್ಲಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ಅಭಿವೃದ್ಧಿಪಡಿಸಿ ಗೋವಾದ ಮೋಲ್‌ಬಯೋ ಕಂಪನಿ ತಯಾರಿಸುವ ಟ್ರೂನ್ಯಾಟ್‌ನಲ್ಲಿ ಪಿಸಿಆರ್ ಸಾಮಗ್ರಿ ಚಿಪ್ಪಿನ ಜೊತೆಗೆ ಒಣ ರೂಪದಲ್ಲೇ ಬರುತ್ತದೆ, ಯಂತ್ರ ಬ್ಯಾಟರಿಯಲ್ಲಿ ಓಡುತ್ತದೆ. ಕ್ಷಯ ಪತ್ತೆಗೆ ಅದನ್ನು ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಶಿಫಾರಸು ಮಾಡಿತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಗೂ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಜೊತೆಗೂಡಿ ಅದೇ ಯಂತ್ರದಲ್ಲಿ ನಡೆಯುವ ಪರೀಕ್ಷೆ ಸಿದ್ಧವಾಯಿತು. ಒಣ ಜೆಲ್ ಮಾಡಬೇಕೆಂದಿದ್ದ ಕೆಲಸದ ಬಹುಪಾಲನ್ನು ಇಲ್ಲಿ ಒಣ ಸಾಮಗ್ರಿ ಮತ್ತು ಚಿಪ್ಪು ಮಾಡಿವೆ. ಆದರೂ ಟ್ರೂನ್ಯಾಟ್ ಒಂದೇ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಅದಕ್ಕೆ ಎರಡು ಪೆಟ್ಟಿಗೆ: ಒಂದು ಕಫದಿಂದ ಡಿಎನ್‌ಎ ಬಿಡಿಸುವುದಕ್ಕೆ, ಇನ್ನೊಂದು ಅದನ್ನು ನಕಲು ಮಾಡಿ ಓದುವುದಕ್ಕೆ.